ಏಳನೇ ನಂಬರಿನ ಗುಲಾಲ

ಫೆಬ್ರವರಿ 4, ಭಾನುವಾರ

ನಾಲ್ಕನೇ ಪ್ರೂಫೂ ಸರಿ ಬರಲಿಲ್ಲ. ಗುಲಾಲನ ಮೈಬಣ್ಣ ಕಂಪ್ಯೂಟರಿನಲ್ಲಿ ಸುಟ್ಟ ಇಟ್ಟಿಗೆಯ ಹಾಗೆ ಕಾಣುತ್ತದೆ, ಕಾಗದಕ್ಕೆ ಇಳಿದರೆ ಹಳೇ ಹುಣಸೆಹಣ್ಣು. ಇಶ್ತಿಯಾಕ್‌ಗೆ ಎರಡೂ ಒಂದೇ. "ಟಗರು ಟಗರಿನಂಗ ಕಂಡ್ರ ಸಾಕಲ್ಲೇನು?" ಅಂದರು. ನನ್ನ ಗಂಡನ ಕೈ ಪಳಗಿರುವುದು ಹುಟ್ಟುಹಬ್ಬದ ಬ್ಯಾನರಿನಲ್ಲಿ, ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ. ಅಲ್ಲಿ ಸತ್ತವರನ್ನೂ ಬೆಳ್ಳಗೆ ಮಾಡಿ ಕೊಡಬೇಕು. ನನ್ನ ಟಗರಿನ ಹರಿದ ಕಿವಿಯನ್ನೂ ಅಳಿಸಿ ನೆಟ್ಟಗೆ ಮಾಡಿಟ್ಟಿದ್ದರು. ಕೂತು ಆ ಕಿವಿಯನ್ನು ಮತ್ತೆ ಹರಿದೆ.

ಐದನೆಯದನ್ನು ಟ್ಯೂಬ್‌ಲೈಟಿನಲ್ಲಿ ನೋಡದೆ ಮಾಳಿಗೆಗೆ ಒಯ್ದು ಬಿಸಿಲಿನಲ್ಲಿ ಮೂಲ ಚಿತ್ರದ ಪಕ್ಕ ಇಟ್ಟೆ. ಸಿಕ್ಕಿತು. ಕೊರಳ ಕೆಳಗಿನ ನೆರಳಿನಲ್ಲಿ ನೀಲಿ ಸ್ವಲ್ಪ ಹೆಚ್ಚಿದೆ, ಇರಲಿ.

ಗುಲಾಲ ತುರ್ವಿಹಾಳದ ಹುಸೇನಪ್ಪನ ಟಗರು. ಡಿಸೆಂಬರಿನಲ್ಲಿ ನಾಲ್ಕು ಸಲ ಹೋಗಿ ಅದರ ಕೊಟ್ಟಿಗೆಯಲ್ಲೇ ಕೂತು ಚಿತ್ರ ಬರೆದೆ. ನಾನು ಬರೆದ ಕತ್ತೆ, ಎಮ್ಮೆ, ಮಸ್ಕಿ ಗುಡ್ಡದ ಮುಸಿಯ ಎಲ್ಲವುಗಳ ಪ್ರಿಂಟೂ ಆಗಿವೆ, ಆದರೆ ಕಣ್ಣು ನಿಲ್ಲುವುದು ಇದರ ಮೇಲೆ.

ಇದರ ಪ್ರಿಂಟು ಇಪ್ಪತ್ತೈದೇ ತೆಗೆಸಿದ್ದು. ಪ್ರತಿಯೊಂದರ ಕೆಳಗೂ ಪೆನ್ಸಿಲ್ಲಿನಲ್ಲಿ ನಂಬರು, ನನ್ನ ಸಹಿ. ನಮ್ಮ ಪ್ರಿಂಟಿಂಗ್ ಅಂಗಡಿಯ ಗೋಡೆಗೆ ಇನ್ನೊಂದು, ನಂಬರಿಲ್ಲದ್ದು, ತೆಗೆಯುತ್ತೇನೆ ಅಂದರು ಇಶ್ತಿಯಾಕ್. ಬೇಡವೇ ಬೇಡ ಅಂದೆ. ಇಪ್ಪತ್ತೈದು ಅಂತ ಬರೆದ ಮೇಲೆ ಇಪ್ಪತ್ತಾರನೆಯದು ಎಲ್ಲೋ ಒಂದು ಕಡೆ ಇದ್ದರೆ ಎಲ್ಲವೂ ಸುಳ್ಳಾಗುತ್ತವೆ. ಅವರು ನಕ್ಕರು.

ಫೆಬ್ರವರಿ 10, ಶನಿವಾರ

ಲಿಂಗಸುಗೂರಿನಲ್ಲಿ ಹಾಕಿದ್ದ ಮಾರಾಟದ ಮಳಿಗೆ ಮುಗಿಯಿತು. ಮೂರು ದಿನವೂ ನಾನು ಮೇಜಿನ ಹಿಂದೆ ಕೂತು ಚೌಕಟ್ಟಿನ ಗಾಜು ಒರೆಸಿದೆ. ಮಾತೆಲ್ಲ ಅತ್ತೆಯದು. ಮೆಹಬೂಬ್‌ಬೀ ಮಾತಿಗೆ ನಿಂತರೆ ಗಂಡಸರೂ ಚೌಕಾಸಿ ಮರೆಯುತ್ತಾರೆ. 'ಇದು ಪ್ರಿಂಟ್, ಮೂಲ ಚಿತ್ರ ಅಲ್ಲ' ಎಂದು ನಾನು ಬರೆದಿಟ್ಟ ಚೀಟಿಯನ್ನು ಅವರು ಎರಡು ಸಲ ಮಗುಚಿ ಹಾಕಿದರು, ನಾನು ಎರಡು ಸಲ ನೆಟ್ಟಗಿಟ್ಟೆ.

ಗುಲಾಲನ ಪ್ರಿಂಟು ಒಂಬತ್ತು ಹೋದವು. ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನವರು, ಮಸ್ಕಿಯ ಮಿಠಾಯಿ ಅಂಗಡಿಯ ಶಿವಕಾಂತ, ಇನ್ನೂ ಯಾರ್‍ಯಾರೋ. ಹಟ್ಟಿ ಚಿನ್ನದ ಗಣಿಯ ಕಡೆಯ ಹೆಂಗಸೊಬ್ಬಳು ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಹೋಗಿ, ತಿರುಗಿ ಬಂದು ತೆಗೆದುಕೊಂಡಳು. ಮುಂದಿನ ಚಿತ್ರ ಬಂದಾಗ ತಿಳಿಸಲು ಅತ್ತೆ ಎಲ್ಲರ ಫೋನ್ ನಂಬರು ಬರೆಸಿಕೊಂಡಿದ್ದಾರೆ.

ಬರೆದವರು ಯಾರು ಎಂದು ಒಬ್ಬರು ಕೇಳಿದಾಗ ಅತ್ತೆ ನನ್ನ ಕಡೆ ಬೆರಳು ಮಾಡಿದರು. ನಾನು ಬಗ್ಗಿ ಕಟ್ಟುವ ಸುತಳಿ ಹುಡುಕಿದೆ.

ಫೆಬ್ರವರಿ 16, ಶುಕ್ರವಾರ

ಅಂಗಡಿಯ ನೆಲದ ಗಾಜನ್ನೆಲ್ಲ ಗುಡಿಸಿ ಈಗ ಕೂತೆ.

ಹುಸೇನಪ್ಪ ಅಂಗಡಿಗೆ ಬಂದಿದ್ದ, ಜೊತೆಗೆ ಅಣ್ಣನ ಮಕ್ಕಳಿಬ್ಬರು. ನಾನು ಪರದೆಯ ಹಿಂದೆ ಚೌಕಟ್ಟಿನ ಮೌಂಟ್ ರಟ್ಟು ಕತ್ತರಿಸುತ್ತಿದ್ದೆ. ಸಲಾಮಿಲ್ಲ, ನಮಸ್ಕಾರವಿಲ್ಲ.

"ಎಲ್ಲೈದಾಳ ಆಕಿ? ಒಂದು ಬರೀತೀನಂದ್ಲು. ಊರ ತುಂಬ ಹಂಚತೀನಂದಿದ್ದಿಲ್ಲ. ಮಸ್ಕ್ಯಾಗ ಮಿಠಾಯಿ ಅಂಗಡಿ ಗ್ವಾಡಿಗೆ ನನ್ನ ಟಗರು! ಲಿಂಗಸುಗೂರು ಹೋಟೆಲಿನಾಗ ನನ್ನ ಟಗರು! ಚಾ ಕುಡಿಯಾಕ ಬಂದ ಮಂದಿ ಕಣ್ಣೆಲ್ಲಾ ಅದರ ಮ್ಯಾಲೆ. ಐದು ದಿನಾತು, ಮೇವಿಗೆ ಬಾಯಿ ಹಚ್ಚಿಲ್ಲ. ಹಲ್ಲು ಕಡೀತೈತಿ."

ಇಶ್ತಿಯಾಕ್ ಕೂರಿಸಲು ನೋಡಿದರು. ಹುಡುಗರಲ್ಲೊಬ್ಬ ಕಿಟಕಿಯಲ್ಲಿದ್ದ ಸ್ಟ್ಯಾಂಡನ್ನು ಒದ್ದ. ಗಾಜು ಒಡೆದು ಪರದೆಯ ಅಡಿ ನನ್ನ ಕಾಲಿನವರೆಗೂ ಬಂತು.

"ಮಾರಿದ್ದು, ಮಾರದ್ದು, ಎಲ್ಲಾ ವಾಪಸ್ ತರ್‍ರಿ. ಕೈಲೆ ಬರದ ದೊಡ್ಡದು ಸಹಿತ. ನನ್ನ ಮುಂದ ಸುಡ್ರಿ. ಟಗರಿಗೆ ಏನಾರ ಆತು, ಈ ಅಂಗಡಿ ಇರಂಗಿಲ್ಲ."

ಇಶ್ತಿಯಾಕ್ ಕೈಮುಗಿದು ಹೂಂ ಅಂದುಬಿಟ್ಟರು. ಮೂಲ ಚಿತ್ರಕ್ಕೂ ಹೂಂ. ನನ್ನನ್ನು ಕೇಳಲಿಲ್ಲ.

ಕಾಗದದ ಮೇಲೆ ಕಣ್ಣು ಬಿದ್ದರೆ ಕೊಟ್ಟಿಗೆಯಲ್ಲಿರುವ ಪ್ರಾಣಿ ಮೇವು ಬಿಡುತ್ತದೆಯೇ? ಹುಚ್ಚು. ಆದರೆ ಒಂದೇ ಚಿತ್ರ ಎಂದು ಹೇಳಿದ್ದೆ. ಅದು ಖರೆ.

ಫೆಬ್ರವರಿ 17, ಶನಿವಾರ

ಅತ್ತೆಯನ್ನು ಕರೆದುಕೊಂಡು ತುರ್ವಿಹಾಳಕ್ಕೆ ಹೋದೆ. ನೋಡದೆ ಇರಲು ಆಗಲಿಲ್ಲ.

ಗುಲಾಲ ಬೆನ್ನು ಬಿಲ್ಲು ಮಾಡಿಕೊಂಡು ನಿಂತಿದ್ದ. ಬಾಲ ಅದುರುತ್ತದೆ, ತಿಣುಕುತ್ತಾನೆ, ಹನಿ ಹನಿ ಉಚ್ಚೆ. ಹಿಂಗಾಲಿನಿಂದ ತನ್ನ ಹೊಟ್ಟೆಯನ್ನೇ ಒದ್ದುಕೊಳ್ಳುತ್ತಾನೆ. ಬುಟ್ಟಿಯಲ್ಲಿ ಹುರುಳಿ ಹಾಗೇ ಇದೆ, ತತ್ತಿ ಒಡೆದು ಹಾಕಿದ್ದರ ಮೇಲೆ ನೊಣ.

ಡಾಕ್ಟರನ್ನು ಕರೆಸಬೇಕು ಎಂದು ಅತ್ತೆಯ ಕಿವಿಯಲ್ಲಿ ಹೇಳಿದೆ. ಅತ್ತೆ ಜೋರಾಗಿ ಹೇಳಿದರು.

"ಹೇಳಿಕಿ ಹೇಳೋ ಅಜ್ಜನ ಹತ್ರ ಹೋಗಿದ್ದೆ" ಅಂದ ಹುಸೇನಪ್ಪ. "ಹೊರಗಿರೋ ಚಿತ್ರ ಎಲ್ಲ ಒಂದಾಗಿ ಬೂದಿ ಆಗೂತನಕ ಸೂಜಿ ಚುಚ್ಚಿಸಬಾರದಂತ. ಚುಚ್ಚಿದ್ರ ಅಲ್ಲೇ ಬೀಳತೈತಂತ."

ಅವನ ಹೆಂಡತಿ ಆದಮ್ಮ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡಿದ್ದಳು. ನಾವು ಹೊರಟಾಗ ಹಿತ್ತಲ ಕಡೆಯಿಂದ ಬಂದು, "ಲಗೂನ ತರ್‍ರೆವ್ವಾ, ಆತ ಯಾರ ಮಾತೂ ಕೇಳಂಗಿಲ್ಲ" ಎಂದು ನನ್ನ ಫೋನ್ ನಂಬರು ಬರೆಸಿಕೊಂಡಳು.

ಬರುವಾಗ ದನದ ದವಾಖಾನೆಗೆ ಹೋಗಿ ಡಾಕ್ಟರಿಗೆ ನಾನೇ ಹೇಳಿದೆ. ಅತ್ತೆಗೆ ಹನಿ ಉಚ್ಚೆಯ ಮಾತು ಆಡಲು ಸಂಕೋಚ.

"ಕಾಳು ಜಾಸ್ತಿ ತಿನಿಸ್ಯಾರ. ಮೂತ್ರದ ದಾರ್‍ಯಾಗ ಹರಳು ಸಿಕ್ಕಿರಬೇಕು, ನೋಡದ ಹೇಳಾಕಾಗಂಗಿಲ್ಲ. ಹರಳೇ ಆಗಿದ್ರ ತಡಾ ಮಾಡಬ್ಯಾಡ್ರಿ, ಒಳಗ ಉಚ್ಚಿ ಚೀಲ ಒಡೀತೈತಿ. ನಾನಾಗೇ ಹೋದ್ರ ಹುಸೇನಪ್ಪ ಬಡಿಗಿ ಹಿಡೀತಾನ. ನೀವು ಒಪ್ಪಸ್ರಿ, ಕರದ ತಾಸಿನಾಗ ಬರ್ತೀನಿ."

ಫೆಬ್ರವರಿ 18, ಭಾನುವಾರ

ಇಶ್ತಿಯಾಕ್‌ಗೆ ಮದುವೆ ಬ್ಯಾನರಿನ ಕೆಲಸ, ಅತ್ತೆಗೆ ಮೊಣಕಾಲು. ಮಾರಿದ್ದನ್ನು ವಾಪಸ್ ತರಲು ಒಬ್ಬಳೇ ಹೋದೆ. ಮೊದಲು ಮಸ್ಕಿ.

ಮಿಠಾಯಿ ಅಂಗಡಿಯಲ್ಲಿ ಗಿರಾಕಿಗಳ ನಡುವೆ ನಿಂತು ಏನು ಹೇಳಬೇಕು ತಿಳಿಯಲಿಲ್ಲ. 'ಪ್ರಿಂಟಿನಲ್ಲಿ ದೋಷ ಇದೆ' ಅಂದೆ. ಶಿವಕಾಂತ ಗೋಡೆ ನೋಡಿ, "ದೋಷ ಏನೂ ಕಾಣವಲ್ದು. ಮಂದಿ ಜಿಲೇಬಿ ಬಿಟ್ಟು ಇದನ್ನ ನೋಡ್ತಾರ" ಅಂದ. ಆಮೇಲೆ ಖರೆ ಹೇಳಿದೆ: ಟಗರಿಗೆ ಜಡ್ಡು, ಯಜಮಾನನಿಗೆ ದೃಷ್ಟಿಯ ಭಯ. ತಟಕ್ಕನೆ ಇಳಿಸಿ ಕೊಟ್ಟ. ಬದಲಿಗೆ ಎಮ್ಮೆಯ ಚಿತ್ರ ಬೇಕಂತೆ. ಖರೆ ಹೇಳಿದರೆ ಬೇಗ ಕೊಡುತ್ತಾರೆ, ಲಿಂಗಸುಗೂರಿನಲ್ಲೂ ಹಾಗೇ ಮಾಡಿದೆ. ಹೋಟೆಲಿನವರು ಮಾತ್ರ ಸ್ವಲ್ಪ ಕೂಗಾಡಿದರು, ನಾನೂ ಕೂಗಿದೆ.

ಹೊತ್ತು ಮುಳುಗುವಾಗ ಎಂಟು ಕೈಯಲ್ಲಿದ್ದವು. ಏಳನೇ ನಂಬರಿನದೊಂದು ಹಟ್ಟಿಯಲ್ಲಿದೆ. ಆ ಹೆಂಗಸು ಫೋನ್ ಎತ್ತುತ್ತಿಲ್ಲ.

ಫೆಬ್ರವರಿ 19, ಸೋಮವಾರ

ಕೊಡಲಿಲ್ಲ.

ಹೆಸರು ಯಮನೂರಮ್ಮ. ಗಂಡ ಗಣಿಯಲ್ಲಿ, ಕಂಪನಿ ಕ್ವಾರ್ಟರ್ಸು. ಮಂಚದ ಎದುರಿನ ಗೋಡೆಗೆ ಗುಲಾಲನನ್ನು ಹಾಕಿದ್ದಾಳೆ, ಬೇರೆ ಏನೂ ಇಲ್ಲ. ನನ್ನ ಗುರುತು ಹಿಡಿದು ಚಾ ಇಟ್ಟಳು. ವಿಷಯ ಹೇಳಿದ ಮೇಲೆ ಲೋಟ ಅಲ್ಲೇ ಕೆಳಗಿಟ್ಟಳು.

"ಅಂದ್ರ ನನ್ನ ಕಣ್ಣು ಕೆಟ್ಟದ್ದಂತೀರೇನು?"

ನಿಮ್ಮದೊಂದೇ ಅಲ್ಲ, ಎಲ್ಲರದೂ ತಂದಿದ್ದೇನೆ ಅಂದೆ.

"ಎಲ್ಲಾರೂ ಕೊಟ್ಟಾರು. ಅವರಿಗ್ಯಾರೂ ಮೊದಲ ಅಂದಿರಂಗಿಲ್ಲ. ನನಗ ಅಂದಾರ. ನಾದಿನಿ ಕೂಸು ತೀರಕೊಂಡಾಗ, ಈಕಿ ಎತ್ತಿ ಆಡಿಸಿದ್ಲು, ಈಕೀದ ಕಣ್ಣು ಅಂದ್ರು. ಊರು ಬಿಟ್ಟು ಬಂದೀನಿ. ಈಗ ಇದನ್ನ ಕೈಯಾರ ತಗದು ಕೊಟ್ರ, ಹೌದು ಅಂತ ನಾನ ಒಪ್ಪಿಕೊಂಡಂಗಾತಲ್ಲ?"

ಕೊಟ್ಟ ರೊಕ್ಕಕ್ಕೆ ದುಪ್ಪಟ್ಟು ಕೊಡುತ್ತೇನೆ ಅಂದೆ. ಅನ್ನಬಾರದಿತ್ತು.

"ಈ ಫ್ಯಾನು ಕಂಪನೀದು, ಬಾಗಲಾ ಕಂಪನೀದು, ಗಂಡನ ನಿದ್ದಿ ಸಹಿತ ಕಂಪನಿ ಹೇಳಿದಾಗ. ಇದೊಂದು ನಂದು. ಕೊಡಂಗಿಲ್ಲ, ಹೋಗ್ರಿ."

ಬಸ್ಸಿನಲ್ಲಿ ಬರುವಾಗ ಅವಳ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದೆ. ಬರಲಿಲ್ಲ.

ಫೆಬ್ರವರಿ 20, ಮಂಗಳವಾರ

ಇಶ್ತಿಯಾಕ್ ಒಂದು ಮಾತು ಹೇಳಿದರು. ಫೈಲ್ ಇದೆ, ಕಾಗದ ಇದೆ. ಇನ್ನೊಂದು ತೆಗೆಯೋಣ, ಏಳು ಅಂತ ಬರಿ, ಕೊಟ್ಟು ಬಾ. ಸುಡುವುದಕ್ಕೆ ಯಾವುದಾದರೇನು.

ನನ್ನ ಕೈಯಿಂದ ಎರಡು ಏಳು ಬರೆಯಲಾರೆ ಅಂದೆ. ಅವರು ಗದ್ದಲ ಮಾಡಿದರು. ನಿನ್ನ ನಂಬರು ದೊಡ್ಡದೋ, ಟಗರಿನ ಜೀವ ದೊಡ್ಡದೋ, ನನ್ನ ಅಂಗಡಿ ದೊಡ್ಡದೋ? ಮತ್ತೆ ಹಟ್ಟಿಗೆ ಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಕಾದೆ. ಯಮನೂರಮ್ಮ ಬಂದವಳು ನನ್ನನ್ನು ನೋಡಿ, ನೀರು ಕೊಟ್ಟು, ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ವಾಪಸ್ ಬರುವಾಗ, ಆದಮ್ಮನ ಫೋನು ಬಂದಾಗ ಬಸ್ಸು ಕವಿತಾಳ ದಾಟಿತ್ತು. ಗುಲಾಲ ಮಲಗಿದವ ಏಳುತ್ತಿಲ್ಲವಂತೆ.

ಫೆಬ್ರವರಿ 21, ಬುಧವಾರ

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಇನ್ನೊಂದು ತೆಗೆಯಿರಿ ಅಂದೆ. ಇಶ್ತಿಯಾಕ್ ಒಂದು ಸಲ ನನ್ನ ಮುಖ ನೋಡಿ ಮಷಿನು ಹಚ್ಚಿದರು.

ಪೂರ್ತಿ ಒಣಗುವ ಮೊದಲೇ ಏಳು ಬರೆದು ಸಹಿ ಮಾಡಿದೆ. ತೀರ ಹೊಸದಾಗಿ ಕಂಡಿತು. ಚೌಕಟ್ಟಿನಿಂದ ಬಿಚ್ಚಿ ತಂದ ಹಾಗಿರಲೆಂದು ಅಂಚಿಗೆ ಗೋಂದಿನ ಪಟ್ಟಿ ಅಂಟಿಸಿ ಕಿತ್ತೆ, ಒಂದು ಮೂಲೆ ಮಡಿಸಿದೆ, ಹಿಂಭಾಗವನ್ನು ನೆಲಕ್ಕೆ ತಿಕ್ಕಿದೆ. ಉಳಿದ ಎಂಟರ ನಡುವೆ ಸೇರಿಸಿದೆ. ನಾನೇ ಹುಡುಕಿದರೂ ಸಿಗದಂತಾಯಿತು. ಮಾರದ ಹದಿನಾರನ್ನೂ ಮೂಲವನ್ನೂ ಗಂಟು ಕಟ್ಟಿ ಆಟೋದಲ್ಲಿ ತುರ್ವಿಹಾಳ.

ಹುಸೇನಪ್ಪನ ಅಣ್ಣನ ಮಗ ಒಂದೊಂದೇ ನಂಬರು ಓದಿದ. ಐದು, ಆರು, ಏಳು. ಹುಸೇನಪ್ಪ ನನ್ನನ್ನೇ ನೋಡುತ್ತಿದ್ದ.

"ಎಲ್ಲಾ ಬಂದಾವೇನವ್ವಾ?"

"ಎಲ್ಲಾ ಬಂದಾವ."

ಕೊಟ್ಟಿಗೆಯ ಮುಂದೆಯೇ ಸೀಮೆಎಣ್ಣೆ ಹಾಕಿದರು. ಮೂಲವನ್ನು ಕೊನೆಗೆ ಇಡಿರಿ ಎಂದು ಕೇಳಬೇಕೆಂದಿದ್ದೆ, ಅದನ್ನೇ ಅಡಿಗೆ ಹಾಕಿದ್ದರು. ಎಣ್ಣೆಬಣ್ಣ, ಭಗ್ಗೆಂದಿತು. ನಾನು ಗುಲಾಲನ ತಲೆಯ ಹತ್ತಿರ ಕೂತಿದ್ದೆ. ಉಸಿರು ಬಿಸಿ ಇತ್ತು.

ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ, ಹುಸೇನಪ್ಪ ಬೇಡ ಅನ್ನಲಿಲ್ಲ. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು, ಸೂಜಿ ಹಾಕಿ ನೀರು ತೆಗೆದು ನೋಡಿದರು. ಚೀಲ ಒಡೆದಿದೆ.

"ನಿನ್ನೆ ಮಧ್ಯಾಹ್ನ ಕರದಿದ್ರೂ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಆದರೂ ಔಷಧ ಕೊಟ್ಟು ಹೋದರು.

ಸಂಜೆ ಹುಡುಗರಿಬ್ಬರೂ ಅಂಗಡಿಗೆ ಬಂದು ಫೈಲ್ ಅಳಿಸುವುದನ್ನು ನಿಂತು ನೋಡಿದರು. ಪೆನ್‌ಡ್ರೈವ್, ನನ್ನ ಮೊಬೈಲಿನ ಫೋಟೊ, ಎಲ್ಲ.

ಫೆಬ್ರವರಿ 22, ಗುರುವಾರ

ಹೋದ. ಬೆಳಗಿನ ಜಾವ.

ಫೆಬ್ರವರಿ 23, ಶುಕ್ರವಾರ

ಡಾಕ್ಟರು ಅಂದ 'ನಿನ್ನೆ ಮಧ್ಯಾಹ್ನ' ಎಂದರೆ ಮಂಗಳವಾರ ಮಧ್ಯಾಹ್ನ. ಆಗ ನಾನು ಯಮನೂರಮ್ಮನ ಮೆಟ್ಟಿಲ ಮೇಲೆ ಕೂತಿದ್ದೆ. ಇಶ್ತಿಯಾಕ್ ಮಾತಿಗೆ ಬೆಳಿಗ್ಗೆಯೇ ಹೂಂ ಅಂದಿದ್ದರೆ ಮಧ್ಯಾಹ್ನಕ್ಕೆ ಡಾಕ್ಟರು ಬರುತ್ತಿದ್ದರು.

ಇನ್ನೊಂದು ಮಾತು. ಹಟ್ಟಿಯಲ್ಲಿ ಒಂದು ಸುಡದೆ ಉಳಿದಿತ್ತು. ಉಳಿದದ್ದಕ್ಕೇ... ಇಂಥದ್ದು ಬರೆಯಬಾರದು.

ಫೆಬ್ರವರಿ 26, ಸೋಮವಾರ

ಮಸ್ಕಿಗೆ ಕೊಡುವ ಎಮ್ಮೆಯ ಪ್ರಿಂಟು ತೆಗೆದೆವು. ಮೂಲೆಯಲ್ಲಿ ಒಂದು ಕಾಡಿಗೆ ಚುಕ್ಕೆ ಇಟ್ಟೆ. ಚೌಕಟ್ಟು ಹಾಕಿದರೆ ಮುಚ್ಚಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ.

ಮಾರ್ಚ್ 1, ಶುಕ್ರವಾರ

ಹುಸೇನಪ್ಪ ಒಬ್ಬನೇ ಬಂದ. ಒಡೆದ ಗಾಜಿನ ಜಾಗದಲ್ಲಿ ರಟ್ಟು ಅಂಟಿಸಿದ್ದೇವೆ, ಅದನ್ನು ನೋಡಿ ತಲೆ ಬಗ್ಗಿಸಿದ. ಇಶ್ತಿಯಾಕ್ ಇರಲಿಲ್ಲ. ಕುರ್ಚಿ ಹಾಕಿಕೊಟ್ಟೆ, ಎದುರಿಗೆ ಕೂತೆ.

"ನಿಂದೇನ್ ತಪ್ಪಿಲ್ಲವ್ವಾ. ಎಲ್ಲಾ ಕೂಡಿಸಿ ತಂದಿ. ನನ್ನ ನಸೀಬ ಹಂಗಿತ್ತು."

ನಾನು ಮೇಜಿನ ಮೇಲಿನ ಕತ್ತರಿ ಎತ್ತಿ ಬೇರೆ ಕಡೆ ಇಟ್ಟೆ.

"ಆದಮ್ಮ ಉಣ್ಣವಲ್ಲಳು. ದಿನಾ ಕೊಟಗಿಗೆ ಹೋಗಿ ಕುಂದರತಾಳ. ಒಂದ್ ಫೋಟೊ ಇದ್ರ ಬೇಕಿತ್ತು. ಮೊಬೈಲಿನಾಗಿದ್ದವೂ ನಾನ ಅಳಿಸಿಸಿದೆ, ಒಂದೂ ಉಳಿಸಲಿಲ್ಲ. ನೆನಪಿನಿಂದ ಬರಿಯಾಕ ಬರ್ತೈತೇನು?"

ನೋಡುತ್ತೇನೆ ಅಂದೆ. 'ಒಂದು ಇದೆ' ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಅದರ ಹಿಂದೆ ಹುಡುಗರಿಬ್ಬರು ಕಂಡರು, ಒಡೆದ ಗಾಜು ಕಂಡಿತು, ಆಡಲಿಲ್ಲ.

ಮಾರ್ಚ್ 3, ಭಾನುವಾರ

ಎರಡು ದಿನದಿಂದ ನೆನಪಿನಿಂದ ಬರೆಯುತ್ತಿದ್ದೇನೆ. ಬರುವುದು ಟಗರು, ಗುಲಾಲ ಅಲ್ಲ. ಕೊಂಬಿನ ಸುರುಳಿ ಸರಿಯಾಗಿದೆ, ಕಿವಿ ಹರಿದಿದೆ, ಬಣ್ಣ ಅದೇ ಇಟ್ಟಿಗೆ. ಬೇರೆ ಯಾರದೋ ಟಗರು ಅವನ ವೇಷ ಹಾಕಿಕೊಂಡ ಹಾಗೆ. ಇದನ್ನು ಕೊಟ್ಟರೆ ಆದಮ್ಮನಿಗೆ ಗೊತ್ತಾಗುತ್ತದೆ. ಹರಿದು ಹಾಕಿದೆ.

ಹುಸೇನಪ್ಪನಿಗೆ ಇದ್ದದ್ದು ಹೇಳಿಬಿಡುತ್ತೇನೆ ಎಂದು ಇಶ್ತಿಯಾಕ್‌ಗೆ ಹೇಳಿದೆ. ಅಂಗಡಿಗೆ ಬೆಂಕಿ ಹಚ್ಚುತ್ತಾನೆ ಅಂದರು. ಹಚ್ಚಬಹುದು ಅಂದೆ. ಅತ್ತೆ ತಸ್ಬಿಯ ಮಣಿ ಎಣಿಸುವುದು ನಿಲ್ಲಿಸಿ, "ಆಕಿ ಹೋಗ್ಲಿ" ಅಂದರು.

ಮಾರ್ಚ್ 5, ಮಂಗಳವಾರ

ತುರ್ವಿಹಾಳದಲ್ಲಿ ಹುಸೇನಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ. ಅಲ್ಲಿಯೇ ನಿಂತು ಹೇಳಿದೆ. ಒಂದು ಉಳಿದಿದೆ, ಹಟ್ಟಿಯಲ್ಲಿದೆ, ಬರುವುದಾದರೆ ಈಗಲೇ ಕರೆದುಕೊಂಡು ಹೋಗುತ್ತೇನೆ.

ಹುಸೇನಪ್ಪ ಬೆರಳು ಮಡಿಸಿ ಏನೋ ಎಣಿಸಿದ.

"ಮತ್ತ ನಾ ಸುಟ್ಟದ್ದು?"

"ಅವತ್ತ ಮುಂಜಾನೆ ತಗದದ್ದು. ನಂಬರ್ ನಾನ ಬರದೆ. ಆಕಿ ಕೊಡ್ಲಿಲ್ಲ, ಇಲ್ಲಿ ಟಗರು ಸಾಯಾಕತ್ತಿತ್ತು."

ಅಣ್ಣನ ಮಗ ಎದ್ದ. ಹುಸೇನಪ್ಪ ಅವನ ಅಂಗಿ ಹಿಡಿದು ಕೂರಿಸಿದ. ಒಳಗೆ ಹೋದ. ಒಳಗೆ ಏನೋ ಬಿದ್ದ ಸದ್ದಾಯಿತು. ಕಟ್ಟೆಯ ಮೇಲಿದ್ದವರು ನನ್ನನ್ನು ಕೂರು ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಹುಸೇನಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಬಂದು, ನನ್ನನ್ನು ನೋಡದೆ ಬಸ್‌ಸ್ಟ್ಯಾಂಡಿನ ಕಡೆ ನಡೆದ. ಹಿಂದೆ ನಡೆದೆ.

ಸಿಂಧನೂರಿನಲ್ಲಿ ಬಸ್ಸು ಬದಲಿಸಿದೆವು. ಅವನು ಡ್ರೈವರಿನ ಹಿಂದಿನ ಸೀಟಿನಲ್ಲಿ, ಮುಷ್ಟಿ ಬಿಗಿಹಿಡಿದು. ಆ ಮುಷ್ಟಿ ಅಲ್ಲಿ ಹೋಗಿ ಏನು ಮಾಡುತ್ತದೆ ಎಂದು ಯೋಚಿಸುತ್ತ ನಾನು. ಕಿತ್ತು ಸುಡುವನೇ? ಯಮನೂರಮ್ಮನಿಗೆ ಏನಾದರೂ ಅಂದರೆ? ನಡುವೆ ನಿಲ್ಲುವುದು ಎಂದುಕೊಂಡೆ.

ಯಮನೂರಮ್ಮ ಬಾಗಿಲು ತೆರೆದು ನನ್ನನ್ನು ನೋಡಿ ಮುಚ್ಚಲು ಹೋದಳು. ಕೇಳಲು ಬಂದಿಲ್ಲ ಅಂದೆ. "ಇವರು ಟಗರಿನವರು. ಅದು ತೀರಿಕೊಂಡೈತಿ. ಒಂದ್ ಸಲ ನೋಡಿ ಹೋಗ್ತಾರ."

ಅವಳು ಹುಸೇನಪ್ಪನ ಮುಖ ನೋಡಿದಳು. "ನನ್ನಿಂದಂತ ಬಂದೀರೇನು?"

ಅವನಿಗೆ ಆಗಲೇ ಅವಳ ಹೆಗಲಾಚೆ ಗೋಡೆ ಕಂಡುಬಿಟ್ಟಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ನಿಂತ. ಬೆನ್ನು ಮಾತ್ರ ಕಾಣುತ್ತಿತ್ತು ನನಗೆ. ಯಮನೂರಮ್ಮ ಗೋಡೆಗೂ ಅವನಿಗೂ ನಡುವೆ ಬರಲು ಒಂದು ಹೆಜ್ಜೆ ಇಟ್ಟವಳು ನಿಂತಳು.

"ಇದು ಬಾಗಲಾ ನೋಡಾಕತ್ತೈತಿ" ಅಂದ ಹುಸೇನಪ್ಪ. "ನೀ ಬರಿಯಾಕ ಬಂದಾಗೆಲ್ಲ ನಾ ಕಾಲುವಿ ನೀರಿಗೆ ಹೊಲಕ್ಕ ಹೋಗಿರ್ತಿದ್ದೆ. ನಾ ಬರೂದು ನೋಡಾಕತ್ತೈತಿ."

ಗುಲಾಲ ಬಾಗಿಲ ಕಡೆ ಮುಖ ತಿರುಗಿಸಿಯೇ ಎಷ್ಟೋ ಹೊತ್ತು ನಿಲ್ಲುತ್ತಿದ್ದ, ಅದಕ್ಕೇ ಬರೆಯಲು ಅನುಕೂಲವಾಗಿತ್ತು. ಯಾಕೆ ಅಂತ ನಾನು ಕೇಳಿಕೊಂಡಿರಲಿಲ್ಲ.

ಯಮನೂರಮ್ಮ ಮೆಲ್ಲಗೆ ಮಂಚದ ಮೇಲಿನ ಬಟ್ಟೆ ಸರಿಸಿದಳು. ಅವನು ಕೂತ. ಮುಷ್ಟಿ ಯಾವಾಗ ಬಿಚ್ಚಿತೋ. ಅವಳು ಚಾ ತಂದು ಕೊಟ್ಟಳು. ನನಗೂ ಕೊಟ್ಟಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಚೌಕಟ್ಟಿಗೆ ಕೈ ಹಚ್ಚಿದಳು.

"ತಗೊಂಡು ಹೋಗ್ರಿ" ಅಂದಳು. ಅವಳ ದನಿ ಸರಿ ಇರಲಿಲ್ಲ.

"ಇಳಿಸಬ್ಯಾಡವ್ವಾ" ಅಂದ ಹುಸೇನಪ್ಪ. "ನನ್ನ ಮನ್ಯಾಗಿದ್ರ ಇನ್ನೊಂದ್ ದಿನ ಯಾರಾರ ಏನಾರ ಅಂತಾರ, ನಾ ಮತ್ತ ಸುಡ್ತೀನಿ. ನಿನ್ನ ಹತ್ರ ಇರ್‍ಲಿ. ನಮ್ಮಾಕೀನ ಕರಕೊಂಡು ಬರ್ತೀನಿ, ನೋಡಾಕ ಬಿಡು."

ಅವಳು ಕೈ ತೆಗೆದಳು. ಚೌಕಟ್ಟು ಸ್ವಲ್ಪ ಓರೆಯಾಗಿತ್ತು, ನೆಟ್ಟಗೆ ಮಾಡಿದಳು.

ಶಿವರಾತ್ರಿ ಮುಗಿದ ಮೇಲೆ ಬರುತ್ತಾರಂತೆ. ಆದಮ್ಮನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ, ಜೊತೆಗೆ ನೀನೂ ಬಾ ಅಂದ. ಹೂಂ ಅಂದೆ.